ಇತರೆ, ನಾಲ್ಕಾಣೆ

(ಮುಂಬೈ ಕನ್ನಡಿಗರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ತನ್ನ ದುಡಿಮೆಯ ಹಣದಲ್ಲಿ, ತನಗಾಗಿಯೇ, ಅಗತ್ಯವೇನೂ ಇಲ್ಲದಿದ್ದರೂ ಬರೀ ಮನಸ್ಸಿನ ಸಂತೋಷಕ್ಕೆಂದು ಒಬ್ಬ ಮನುಷ್ಯ ಮಾಡುವ ಸಣ್ಣ ಖರ್ಚಿಗೆ ಕನ್ನಡದಲ್ಲಿ ಏನೆಂದು ಕರೆಯುತ್ತೇವೆ? ಈ ಉಪನ್ಯಾಸಕ್ಕೆ ಟಿಪ್ಪಣಿ ಮಾಡಿಕೊಳ್ಳಲು ಕುಳಿತಾಗ ಮೊದಲು ಎದುರಾದ ತೊಡಕೇ ಇದು. ಶೋಕಿ ಎನ್ನುತ್ತೇವೆ, ಚಪಲ ಎನ್ನುತ್ತೇವೆ, ತೆವಲು, ದುಂದು, ಮೋಜು, ಐಷಾರಾಮ ಎನ್ನುತ್ತೇವೆ. ಇವುಗಳಲ್ಲಿ ಯಾವ ಮಾತನ್ನು ಎತ್ತಿಕೊಂಡರೂ ಅದರೊಳಗೆ ಒಂದು ಬೈಗುಳ ಕುಳಿತಿರುತ್ತದೆ. ‘ಅವನಿಗೆ ಶೋಕಿ ಜಾಸ್ತಿ’ ಎಂದರೆ ಅದು ಮೆಚ್ಚುಗೆಯಲ್ಲ; ‘ಬಾಯಿ ಚಪಲ’ ಎಂದರೆ ತಿಂದವರು ತಲೆ ತಗ್ಗಿಸಬೇಕು. ನಾವು ನೆಲೆಸಿರುವ ಈ ಊರಿನ ಮರಾಠಿಯಲ್ಲಿ ‘ಹೌಸ್’ ಎಂಬ ಮಾತೊಂದಿದೆ. ‘ಹೌಸೇಲಾ ಮೋಲ್ ನಾಹೀ’, ಅಂದರೆ ಮನಸ್ಸಿನ ಹಂಬಲಕ್ಕೆ ಬೆಲೆ ಕಟ್ಟಲಾಗದು ಎಂಬ ಗಾದೆಯನ್ನು ನಿಮ್ಮಲ್ಲಿ ಬಹಳ ಮಂದಿ ಅಕ್ಕಪಕ್ಕದ ಮನೆಗಳಲ್ಲಿ ಕೇಳಿರುತ್ತೀರಿ. ನೆರೆಮನೆಯ ಮರಾಠಿ ಹೆಂಗಸು ಹೊಸ ಸೀರೆಯನ್ನು ತೋರಿಸುತ್ತಾ ‘ಹೌಸ್ ಮ್ಹಣೂನ್ ಘೇತಲೀ’, ಅಂದರೆ ಆಸೆಯಾಯಿತೆಂದು ಕೊಂಡೆ, ಎನ್ನುವಾಗ ಅವಳ ದನಿಯಲ್ಲಿ ಅಳುಕು ಇರುವುದಿಲ್ಲ. ಅದೇ ಸೀರೆಯನ್ನು ಕೊಂಡ ನನ್ನ ಅಮ್ಮ ‘ಹೇಗೂ ಮದುವೆಗೆ ಒಂದು ಬೇಕಿತ್ತು, ಅವನು ಬೆಲೆಯೂ ಕಡಿಮೆ ಮಾಡಿದ’ ಎಂದು ಎರಡೆರಡು ಕಾರಣಗಳನ್ನು ಮುಂದಿಟ್ಟ ಮೇಲೆಯೇ ಮಡಿಕೆ ಬಿಚ್ಚಿ ತೋರಿಸುತ್ತಿದ್ದರು.

ಕಳಂಕವಿಲ್ಲದ ಮಾತು ನಮ್ಮಲ್ಲೂ ಒಂದಿದೆ, ಅದು ‘ಬಯಕೆ’. ಆದರೆ ಅದನ್ನು ನಾವು ಹೆಚ್ಚಾಗಿ ಬಸುರಿಯ ಬಾಯಿಗೆ ಕಟ್ಟಿಬಿಟ್ಟಿದ್ದೇವೆ. ನಮ್ಮ ಕರಾವಳಿಯಲ್ಲಂತೂ ಸೀಮಂತವನ್ನೇ ಬಯಕೆ ಎನ್ನುತ್ತೇವೆ. ‘ನಿನಗೆ ಏನು ತಿನ್ನಬೇಕು ಅನ್ನಿಸುತ್ತದೆ?’ ಎಂದು ಮನೆಯವರೆಲ್ಲ ಸುತ್ತ ಕೂತು ಕೇಳುವುದು ಆ ಕೆಲವು ತಿಂಗಳು ಮಾತ್ರ. ಹೆತ್ತ ಮೇಲೆ ಆ ಪ್ರಶ್ನೆ ಮತ್ತೆ ಅವಳ ಕಡೆಗೆ ತಿರುಗುವುದು ಅಪರೂಪ. ಈ ಮಾತನ್ನು ಇಲ್ಲಿಗೆ ಬಿಟ್ಟು ಮುಂದೆ ಹೋಗುತ್ತೇನೆ, ಕೊನೆಯಲ್ಲಿ ಇದಕ್ಕೇ ಹಿಂತಿರುಗಬೇಕಾಗುತ್ತದೆ.

ಈಗ ನನ್ನ ಅಪ್ಪಯ್ಯನ ಲೆಕ್ಕದ ಪುಸ್ತಕದ ಬಗ್ಗೆ ಹೇಳಬೇಕು. ಉಡುಪಿ ಹತ್ತಿರದ ಹಳ್ಳಿಯಿಂದ ಅವರು ಈ ಊರಿಗೆ ಬಂದಾಗ ವಯಸ್ಸು ಹದಿನಾಲ್ಕು. ಕೋಟೆ ಪ್ರದೇಶದ ಹೋಟೆಲೊಂದರಲ್ಲಿ ಟೇಬಲ್ ಒರೆಸುವ ಕೆಲಸಕ್ಕೆ ಸೇರಿದರು, ಮುಂದೆ ಸಪ್ಲಾಯರ್ ಆದರು, ರಾತ್ರಿ ಶಾಲೆಯಲ್ಲಿ ಓದಿ ಕೊನೆಗೆ ಕಚೇರಿಯೊಂದರಲ್ಲಿ ಗುಮಾಸ್ತರಾದರು. ಈ ಕಥೆ ನಿಮ್ಮಲ್ಲಿ ಎಷ್ಟೋ ಮಂದಿಯ ಮನೆಯ ಕಥೆಯೂ ಹೌದು, ಅದನ್ನು ವಿವರಿಸಬೇಕಾಗಿಲ್ಲ. ಅವರು ಹೋಟೆಲಿನಲ್ಲಿದ್ದ ಕಾಲದ ಲೆಕ್ಕದ ಪುಸ್ತಕ ಈಗ ನನ್ನ ಹತ್ತಿರ ಇದೆ. ಉದ್ದನೆಯ, ಕೆಂಪು ಬಟ್ಟೆಯ ಬೆನ್ನಿನ ಪುಸ್ತಕ. ಪ್ರತಿ ತಿಂಗಳಿಗೆ ಒಂದು ಪುಟ. ಸಂಬಳ ಮೇಲೆ, ಅದರ ಕೆಳಗೆ ‘ಊರಿಗೆ ಮನಿ ಆರ್ಡರ್’, ಅದರ ಕೆಳಗೆ ‘ಕಮಿಷನ್’, ಆಮೇಲೆ ಸಾಬೂನು, ಕ್ಷೌರ, ನೋಟು ಪುಸ್ತಕ, ಅಂಚೆ ಕಾರ್ಡು. ಎಲ್ಲಕ್ಕಿಂತ ಕೆಳಗೆ, ತಿಂಗಳು ತಪ್ಪದೆ, ‘ಇತರೆ: 0-4-0’. ಅಂದರೆ ನಾಲ್ಕಾಣೆ. 1957ರ ಏಪ್ರಿಲಿನಲ್ಲಿ ದಶಮಾಂಶ ನಾಣ್ಯಗಳು ಬಂದಾಗ ಅದು ‘ಇತರೆ: 25 ನ.ಪೈ.’ (ನಯಾ ಪೈಸೆ) ಎಂದು ಬದಲಾಗುತ್ತದೆ. ಅಂಚೆ ಕಾರ್ಡನ್ನೂ ಲೆಕ್ಕಕ್ಕೆ ಹಿಡಿದು ಬರೆದ ಮನುಷ್ಯ ಈ ಒಂದು ಖರ್ಚಿಗೆ ಮಾತ್ರ ಹೆಸರು ಕೊಟ್ಟಿರಲಿಲ್ಲ.

ನಾವು ಮಕ್ಕಳು ಅದನ್ನು ಬೀಡಿಯೆಂದು ತಿಳಿದಿದ್ದೆವು. ಅಪ್ಪಯ್ಯ ನಿವೃತ್ತರಾಗಿ ಬಹಳ ವರ್ಷಗಳ ನಂತರ ನಾನು ನೇರವಾಗಿ ಕೇಳಿದಾಗ ಅವರು ಹೇಳಿದ್ದು ಬೇರೆಯೇ. ಸಂಬಳದ ಮರುದಿನ ಮಧ್ಯಾಹ್ನದ ಬಿಡುವಿನಲ್ಲಿ ಅವರು ವಿಟಿ ರೈಲು ನಿಲ್ದಾಣದ (ಇಂದಿನ ಸಿಎಸ್‌ಎಂಟಿ) ಪಕ್ಕದ ಜಿಪಿಓಗೆ, ಅಂದರೆ ದೊಡ್ಡ ಅಂಚೆ ಕಚೇರಿಗೆ ಹೋಗುತ್ತಿದ್ದರು. ಆ ಕಟ್ಟಡವನ್ನು ನೀವೆಲ್ಲ ನೋಡಿದ್ದೀರಿ; ಜಾನ್ ಬೆಗ್ ವಿನ್ಯಾಸ ಮಾಡಿದ, 1913ರಲ್ಲಿ ಮುಗಿದ ಆ ಕಟ್ಟಡದ ಗುಮ್ಮಟಕ್ಕೆ ನಮ್ಮ ವಿಜಯಪುರದ ಗೋಲಗುಮ್ಮಟವೇ ಮಾದರಿ. ಊರು ಬಿಟ್ಟು ಬಂದ ಕನ್ನಡದ ಹುಡುಗರು ಊರಿಗೆ ಹಣ ಕಳಿಸಲು ಸಾಲಿನಲ್ಲಿ ನಿಲ್ಲುತ್ತಿದ್ದುದು ಒಂದು ಬಗೆಯಲ್ಲಿ ಕನ್ನಡ ನಾಡಿನ ಗುಮ್ಮಟದ ಕೆಳಗೇ ಎಂದು ನೆನೆದಾಗಲೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ. ಮನಿ ಆರ್ಡರ್ ಫಾರಮಿನ ಕೆಳತುದಿಯಲ್ಲಿ ನಾಲ್ಕು ಸಾಲು ಬರೆಯುವಷ್ಟು ಜಾಗ ಇರುತ್ತಿತ್ತು, ಪೋಸ್ಟ್‌ಮ್ಯಾನ್ ಆ ಚೀಟಿಯನ್ನು ಹರಿದು ಹಣದ ಜೊತೆ ಕೊಡುತ್ತಿದ್ದ. 2015ರಲ್ಲಿ ಆ ಹಳೆಯ ಪದ್ಧತಿ ನಿಂತಿತು. ಅಪ್ಪಯ್ಯ ಆ ಜಾಗದಲ್ಲಿ ಪ್ರತಿ ಸಲ ‘ನಾನು ಕ್ಷೇಮ’ ಎಂದು ಬರೆದು, ಹಣ ಕಟ್ಟಿ, ರಸೀದಿ ಜೇಬಿಗಿಟ್ಟು, ಅಲ್ಲಿಂದ ಧೋಬಿ ತಲಾವ್ ಕಡೆಗೆ ನಡೆಯುತ್ತಿದ್ದರು. ಅಲ್ಲಿ 1904ರಿಂದ ನಡೆದುಕೊಂಡು ಬಂದಿರುವ ಕ್ಯಾನಿ ಎಂಬ ಇರಾನಿ ಹೋಟೆಲಿದೆ. ಒಳಗೆ ಹೋಗಿ, ಬಾಗಿದ ಮರದ ಕುರ್ಚಿಯಲ್ಲಿ ಕೂತು, ಒಂದು ಬ್ರುನ್ ಮಸ್ಕಾ ಮತ್ತು ಒಂದು ಚಹಾ ತರಿಸುತ್ತಿದ್ದರು. ಬ್ರುನ್ ಎಂದರೆ ಹೊರಗೆ ಗಟ್ಟಿ, ಒಳಗೆ ಮೆತ್ತಗಿನ ಪಾವ್; ಅದನ್ನು ಸೀಳಿ ದಪ್ಪಗೆ ಬೆಣ್ಣೆ ಸವರುತ್ತಾರೆ. ಆ ಗಟ್ಟಿ ತೊಗಟೆಯನ್ನು ಚಹಾದಲ್ಲಿ ಅದ್ದಿದಾಗ ಬೆಣ್ಣೆಯ ಹಳದಿ ಕಣ್ಣುಗಳು ಕಪ್ಪಿನ ಮೇಲೆ ತೇಲುತ್ತವೆ. ಅಷ್ಟೇ ಆ ನಾಲ್ಕಾಣೆ.

ನನಗೆ ಅರ್ಥವಾಗಲಿಲ್ಲ. ಹೋಟೆಲಿನಲ್ಲಿ ಕೆಲಸ ಮಾಡುವವನಿಗೆ ಚಹಾ, ತಿಂಡಿ, ಊಟ ಎಲ್ಲವೂ ಅಲ್ಲಿಯದೇ ತಾನೇ, ಇನ್ನೊಬ್ಬರ ಹೋಟೆಲಿಗೆ ಹೋಗಿ ದುಡ್ಡು ಕೊಟ್ಟು ಚಹಾ ಕುಡಿಯುವುದು ಯಾಕೆ ಎಂದು ಕೇಳಿದೆ. ಅಪ್ಪಯ್ಯ ಹೇಳಿದ ಮಾತು ಇದು: ‘ದಿನಾ ನೂರಾರು ಜನರ ಮುಂದೆ ನಾನು ಚಾ ಇಡುತ್ತಿದ್ದೆ. ತಿಂಗಳಿಗೊಮ್ಮೆ ನನ್ನ ಮುಂದೆ ಯಾರಾದರೂ ಚಾ ಇಡಬೇಕು ಅನ್ನಿಸುತ್ತಿತ್ತು.’

ಈ ಮಾತನ್ನು ಕೇಳಿದ ಮೇಲೆ ಶೋಕಿ, ದುಂದು ಎಂಬ ಮಾತುಗಳನ್ನು ಬಾಯಿಗೆ ಬಂದಂತೆ ಬಳಸುವುದು ನನ್ನಿಂದ ಸಾಧ್ಯವಾಗಿಲ್ಲ. ಅವರು ಕೊಂಡದ್ದು ಪಾವನ್ನೂ ಅಲ್ಲ, ಬೆಣ್ಣೆಯನ್ನೂ ಅಲ್ಲ. ಸಂಬಳದ ಪ್ರತಿಯೊಂದು ಕಾಸಿಗೂ ಊರಿನಲ್ಲೊಬ್ಬ ಹಕ್ಕುದಾರನಿದ್ದ: ಅಜ್ಜಿಯ ಔಷಧ, ತಂಗಿಯ ಮದುವೆ, ಗದ್ದೆಯ ಗೇಣಿ. ಯಾರ ಹಕ್ಕೂ ಇಲ್ಲದ ನಾಲ್ಕಾಣೆಯನ್ನು ಅವರು ಉಳಿಸಿಕೊಂಡಿದ್ದರು, ಅದರಲ್ಲಿ ಟೇಬಲಿನ ಈಚೆ ಬದಿಯಲ್ಲಿ ಕೂರುವ ಅರ್ಧ ಗಂಟೆಯನ್ನು ಕೊಂಡರು. ಆದರೂ ಅದನ್ನು ಪುಸ್ತಕದಲ್ಲಿ ಹೆಸರಿಟ್ಟು ಬರೆಯಲು ಅವರಿಗೆ ಧೈರ್ಯವಾಗಲಿಲ್ಲ. ಆ ಪುಸ್ತಕವನ್ನು ಅವರಲ್ಲದೆ ಬೇರೆ ಯಾರೂ ನೋಡುತ್ತಿರಲಿಲ್ಲ ಎಂಬುದನ್ನೂ ಇಲ್ಲಿ ನೆನಪಿಡಬೇಕು.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹನ್ನೆರಡನೆಯ ಶತಮಾನಕ್ಕೆ ಹೋಗಿ ಬರುತ್ತೇನೆ. ಕಲ್ಯಾಣದಿಂದ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದ. ಅವನ ಆಳ್ವಿಕೆ 1126ರಿಂದ 1138ರವರೆಗೆ. ತಲಾ ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳು ಅದರಲ್ಲಿವೆ. ರಾಜ್ಯವನ್ನು ಗಳಿಸುವುದು, ಗಳಿಸಿದ್ದನ್ನು ಭದ್ರಪಡಿಸುವುದು ಎಂಬ ಎರಡು ವಿಂಶತಿಗಳು ಮುಗಿದ ಕೂಡಲೇ ಮೂರನೆಯದರಲ್ಲಿ ಅವನು ಕೈಗೆತ್ತಿಕೊಳ್ಳುವುದು ಉಪಭೋಗಗಳನ್ನು: ಮನೆ, ಸ್ನಾನ, ಪಾದುಕೆ, ತಾಂಬೂಲ, ಮೈಗೆ ಬಳಿಯುವ ಗಂಧ, ವಸ್ತ್ರ, ಹೂಮಾಲೆ, ಆಸನ, ಅನ್ನ, ಪಾನೀಯ, ಕಾಲಿಗೆ ಎಣ್ಣೆ ತಿಕ್ಕಿಸಿಕೊಳ್ಳುವ ಪಾದಾಭ್ಯಂಗ, ವಾಹನ, ಕೊಡೆ, ಹಾಸಿಗೆ, ಧೂಪ, ಹೀಗೆ ಇಪ್ಪತ್ತು. ಇಂದಿನ ಇಡ್ಲಿ ದೋಸೆಗಳ ಹಿರಿಯರೆನ್ನಬಹುದಾದ ತಿಂಡಿಗಳು ಬರುವುದೂ ಇದೇ ಭಾಗದ ಅನ್ನಭೋಗದಲ್ಲಿ. ದೊರೆಯ ಪಟ್ಟಿಯಿದು, ನಮಗೂ ಇದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅವನ ಶ್ರದ್ಧೆ. ರಾಜ್ಯ ಗಳಿಸುವುದಕ್ಕೆ ಎಷ್ಟು ಅಧ್ಯಾಯಗಳೋ ಸುಖಪಡುವುದಕ್ಕೂ ಅಷ್ಟೇ ಅಧ್ಯಾಯಗಳು. ಯಾವುದನ್ನೂ ‘ಇತರೆ’ ಎಂದು ಅವನು ಮರೆಮಾಡಲಿಲ್ಲ, ಒಂದೊಂದಕ್ಕೂ ಹೆಸರಿಟ್ಟ. ಆ ಪಟ್ಟಿಯನ್ನು ಓದುವಾಗ ‘ಆಸನ’ ಎಂಬಲ್ಲಿಗೆ ಬಂದು ನಾನು ಪುಸ್ತಕ ಮಡಿಸಿಟ್ಟೆ. ಹಗಲೆಲ್ಲ ನಿಂತೇ ದುಡಿಯುವ ಹುಡುಗನಿಗೆ ಇರಾನಿ ಹೋಟೆಲಿನ ಕುರ್ಚಿ ಯಾವ ದೊರೆಯ ಆಸನಕ್ಕೂ ಕಡಿಮೆಯಲ್ಲ.

ಅದೇ ಪಟ್ಟಿಯ ಹೂಮಾಲೆಗೆ ಬಂದರೆ ನನ್ನ ಅಮ್ಮ ನೆನಪಾಗುತ್ತಾರೆ. ಅಮ್ಮನ ಒಂದೇ ಒಂದು ಹಂಬಲ ಮಲ್ಲಿಗೆ. ಅದೂ ಯಾವ ಮಲ್ಲಿಗೆಯೂ ಆಗದು, ಶಂಕರಪುರದ್ದೇ ಆಗಬೇಕು. ಈಗ ಉಡುಪಿ ಮಲ್ಲಿಗೆ ಎಂಬ ಹೆಸರಿನಲ್ಲಿ ಭೌಗೋಳಿಕ ಗುರುತು ಪಡೆದಿರುವ ಈ ಹೂವಿನ ಲೆಕ್ಕ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಮೊಗ್ಗು ಬಿರಿಯುವ ಮುನ್ನ, ಬೆಳಗಿನ ಜಾವದಲ್ಲೇ ಕೊಯ್ದು, ಬಾಳೆನಾರಿನಲ್ಲಿ ಒತ್ತೊತ್ತಾಗಿ ಕಟ್ಟುತ್ತಾರೆ. ಸುಮಾರು 800 ಮೊಗ್ಗು ಕಟ್ಟಿದರೆ ಒಂದು ಚೆಂಡು. ನಾಲ್ಕು ಚೆಂಡಿಗೆ ಒಂದು ಅಟ್ಟೆ. ಹೂ ಬೆಳೆಯುವ ಮನೆಗಳಲ್ಲಿ ಹೆಂಗಸರು, ಮಕ್ಕಳು ಶಾಲೆಗೆ, ಕೆಲಸಕ್ಕೆ ಹೋಗುವ ಮುನ್ನ ಜಗಲಿಯಲ್ಲಿ ಕೂತು ಕಟ್ಟುವ ಹೂವಿದು, ಎಷ್ಟೋ ಸಂಸಾರಗಳ ದಿನದ ಖರ್ಚು ಅದರಿಂದಲೇ ನಡೆಯುತ್ತದೆ. ಅಟ್ಟೆಯ ದರ ಆಯಾ ದಿನ ಶಂಕರಪುರದ ಕಟ್ಟೆಯಲ್ಲಿ ತೀರ್ಮಾನವಾಗುತ್ತದೆ. ಮದುವೆಯ ದಿನಗಳಲ್ಲಿ, ನಾಗರ ಪಂಚಮಿಯ ಹೊತ್ತಿನಲ್ಲಿ ಅದು ಹೇಗೆ ಏರುತ್ತದೆಂದರೆ, ನಿನ್ನೆಯ ದರ ಹೇಳಿದವರನ್ನು ಇಂದು ಯಾರೂ ನಂಬುವುದಿಲ್ಲ. ಆ ಹೂ ರೈಲಿನಲ್ಲೋ ವಿಮಾನದಲ್ಲೋ ಮುಂಬೈ ತಲುಪಿದಾಗ ದಾರಿಯ ಖರ್ಚೂ ಸೇರಿ ಇನ್ನಷ್ಟು ತುಟ್ಟಿಯಾಗಿರುತ್ತದೆ.

ಅಮ್ಮ ಮಾಟುಂಗಾದ ಹೂವಿನ ಸಾಲಿನಲ್ಲಿ ನಿಂತು, ಮೊದಲು ಅಗ್ಗದ ಹೂವನ್ನು ಕೈಯಲ್ಲಿ ಹಿಡಿದು ನೋಡಿ, ಇಟ್ಟು, ಆಮೇಲೆ ಒದ್ದೆ ಬಾಳೆಎಲೆಯಲ್ಲಿ ಸುತ್ತಿಟ್ಟ ಊರಿನ ಚೆಂಡಿನ ಕಡೆಗೆ ಬರುತ್ತಿದ್ದರು. ಕೊಂಡ ಕೂಡಲೇ ಜೊತೆಗಿದ್ದ ನಮಗೆ ‘ದೇವರಿಗೆ’ ಎಂದು ಹೇಳುತ್ತಿದ್ದರು. ಮನೆಗೆ ಬಂದು ಮೊಳದಷ್ಟನ್ನು ದೇವರ ಪಟಕ್ಕೆ ಹಾಕಿ, ಅರ್ಧ ಗಳಿಗೆ ಬಿಟ್ಟು, ಉಳಿದುದನ್ನು ಪ್ರಸಾದವೆಂದು ಮುಡಿಗೇರಿಸಿಕೊಳ್ಳುತ್ತಿದ್ದರು. ದೇವರಿಗೆ ಹೋಗುತ್ತಿದ್ದುದು ಕಾಲು ಭಾಗ. ದೇವರೂ ಇದನ್ನು ಬಲ್ಲ, ಅಮ್ಮನೂ ಬಲ್ಲರು, ಅಪ್ಪಯ್ಯನೂ ಬಲ್ಲರು. ಆದರೂ ‘ನನಗೆ ಮಲ್ಲಿಗೆ ಇಷ್ಟ, ಅದಕ್ಕೆ ಕೊಂಡೆ’ ಎಂಬ ಐದು ಪದಗಳ ವಾಕ್ಯವನ್ನು ಅಮ್ಮ ತನ್ನ ಜೀವಮಾನದಲ್ಲಿ ಹೇಳಿದ್ದನ್ನು ನಾನು ಕೇಳಿಲ್ಲ.

ನನ್ನ ಅಕ್ಕ ಹುಟ್ಟಿದ ವರ್ಷ ಅಪ್ಪಯ್ಯನ ಪುಸ್ತಕದಿಂದ ‘ಇತರೆ’ ಎಂಬ ಕಲಮು ಮಾಯವಾಗುತ್ತದೆ. ಮಗುವಿನ ಹಾಲಿನ ಲೆಕ್ಕ ಅದರ ಜಾಗಕ್ಕೆ ಬರುತ್ತದೆ. ಇಂತಹ ತ್ಯಾಗವನ್ನು ನಾವು ಸಭೆಗಳಲ್ಲಿ ಕೊಂಡಾಡುತ್ತೇವೆ, ನನ್ನ ಅಪ್ಪಯ್ಯನ ಬಗ್ಗೆಯೂ ಹಾಗೆ ಕೊಂಡಾಡಿದವರಿದ್ದಾರೆ. ಮಗಳಾಗಿ ನಾನು ಹೇಳಬೇಕಾದ ಮಾತು ಬೇರೆ. ತನ್ನ ನಾಲ್ಕಾಣೆಯನ್ನು ಬಿಟ್ಟುಕೊಟ್ಟ ಮೇಲೆ ಅಪ್ಪಯ್ಯ ಉಳಿದವರ ನಾಲ್ಕಾಣೆಯನ್ನೂ ಅಳೆಯತೊಡಗಿದರು. ‘ಹೂವಿಗೆ ಇಷ್ಟು ಕೊಟ್ಟೆಯಾ?’ ಎಂಬ ಪ್ರಶ್ನೆ ನಮ್ಮ ಮನೆಯಲ್ಲಿ ಹುಟ್ಟಿದ್ದು ಆಗ. ಅಮ್ಮನ ಮಲ್ಲಿಗೆ ದೇವರ ಹೆಸರಿನಲ್ಲಿ ಮನೆಗೆ ಬರತೊಡಗಿದ್ದೂ ಆಗಲೇ ಇರಬೇಕು. ಅವರು ತಿಂಗಳಿಗೊಮ್ಮೆ ಧೋಬಿ ತಲಾವ್‌ಗೆ ಹೋಗುವುದನ್ನು ಬಿಡದೆ ಇದ್ದಿದ್ದರೆ ನಾವೆಲ್ಲ ಇನ್ನೂ ಸ್ವಲ್ಪ ಹಗುರವಾಗಿ ಬೆಳೆಯುತ್ತಿದ್ದೆವು ಎಂದು ನಾನು ನಿಜವಾಗಿ ನಂಬುತ್ತೇನೆ.

ಕೊಂಡೂ ಬಳಸದೆ ಇಡುವುದು ಇದರ ಇನ್ನೊಂದು ರೂಪ. ಮೈಸೂರು ಸ್ಯಾಂಡಲ್ ಸೋಪಿನ ವಿಷಯ ತೆಗೆದುಕೊಳ್ಳಿ. ಮೊದಲ ಮಹಾಯುದ್ಧದಿಂದಾಗಿ ಯುರೋಪಿಗೆ ಶ್ರೀಗಂಧದ ರಫ್ತು ನಿಂತುಹೋದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರ ಹೊತ್ತಿಗೆ ಮೈಸೂರು ಸಂಸ್ಥಾನವೇ ಗಂಧದ ಎಣ್ಣೆ ತೆಗೆಯಲು ಆರಂಭಿಸಿತು. ಆ ಎಣ್ಣೆಯಿಂದ ಹುಟ್ಟಿದ್ದು ಈ ಸಾಬೂನು. ಊರಿಗೆ ಹೋದವರು ಇಲ್ಲಿಗೆ ಮರಳುವಾಗ ಒಂದೆರಡು ಡಬ್ಬಿ ತಂದುಕೊಡುತ್ತಿದ್ದರು. ನಮ್ಮ ಮನೆಯಲ್ಲಿ ಅದು ಬಚ್ಚಲಿಗೆ ಹೋದದ್ದೇ ಇಲ್ಲ. ಅಮ್ಮ ಅದನ್ನು ಕಬ್ಬಿಣದ ಪೆಟ್ಟಿಗೆಯಲ್ಲಿ, ಮದುವೆಯ ಸೀರೆಗಳ ನಡುವೆ ಇಡುತ್ತಿದ್ದರು. ಸೀರೆಗೆ ಪರಿಮಳ ಬರಲಿ ಎಂಬುದು ಒಂದು ಕಾರಣ, ನೆಂಟರು ಬಂದಾಗ ಬೇಕಾಗುತ್ತದೆ ಎಂಬುದು ಇನ್ನೊಂದು. ವರ್ಷಗಳು ಕಳೆದ ಮೇಲೆ ಒಮ್ಮೆ ಪೆಟ್ಟಿಗೆ ತೆಗೆದು ನೋಡಿದರೆ ಸಾಬೂನು ಒಣಗಿ, ಸೀಳುಬಿಟ್ಟು, ಮೂಸಿದರೆ ಹಳೆಯ ಕಾಗದದ ವಾಸನೆ ಬರುತ್ತಿತ್ತು. ನೆಂಟರಿಗೆ ಸಲ್ಲುವ ಸುಖ ತನಗೆ ಸಲ್ಲದು ಎಂಬ ಈ ಭಾವನೆ ನಮ್ಮ ಹೆಂಗಸರಲ್ಲಿ ಎಷ್ಟು ಆಳವಾಗಿದೆ ಎಂಬುದಕ್ಕೆ ನನಗೆ ಬೇರೆ ಸಾಕ್ಷಿ ಬೇಡ.

ಬಡವರು ಇಂತಹ ಖರ್ಚು ಮಾಡಬಾರದು, ಹೊಟ್ಟೆಗೆ ಮೊದಲು ಎಂದು ವಾದಿಸುವವರಿದ್ದಾರೆ. ಮುಂಬೈಯಲ್ಲೇ ಹುಟ್ಟಿದ ಅರ್ಥಶಾಸ್ತ್ರಜ್ಞ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೋ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರಾಜಸ್ಥಾನದ ಉದಯಪುರದ ಕಡುಬಡವರ ಲೆಕ್ಕವಿದೆ. ಅಲ್ಲಿನ ನಡುಮಟ್ಟದ ಕುಟುಂಬವೊಂದು ವರ್ಷದ ಖರ್ಚಿನ ಶೇ. 10ರಷ್ಟನ್ನು ಹಬ್ಬ, ಮದುವೆ ಮೊದಲಾದ ಸಮಾರಂಭಗಳಿಗೆ ಇಡುತ್ತಿತ್ತು. ಊಟಕ್ಕೇ ಕೊರತೆಯಿದ್ದ ಮನೆಗಳಿವು. ಇದನ್ನು ಅವಿವೇಕ ಎಂದು ತಳ್ಳಿಹಾಕುವುದು ಸುಲಭ. ಎಂಟು ಗಂಟೆ ಕಲ್ಲು ಹೊತ್ತವನಿಗೆ ಸಂಜೆ ಇನ್ನೂ ಎರಡು ರೊಟ್ಟಿ ಮಾತ್ರ ಸಾಕು ಎಂದು ದೂರದಲ್ಲಿ ಕೂತು ತೀರ್ಮಾನಿಸುವ ಹಕ್ಕು ಯಾರಿಗಿದೆ ಎಂಬುದು ನನ್ನ ಪ್ರಶ್ನೆ. ಇನ್ನೊಬ್ಬ ಅರ್ಥಶಾಸ್ತ್ರಜ್ಞ, 2017ರಲ್ಲಿ ನೊಬೆಲ್ ಪಡೆದ ರಿಚರ್ಡ್ ಥೇಲರ್, ಜನ ತಮ್ಮ ಹಣವನ್ನು ಮನಸ್ಸಿನೊಳಗೆ ಬೇರೆ ಬೇರೆ ಖಾತೆಗಳಲ್ಲಿ ಇಡುತ್ತಾರೆ, ಒಂದು ಖಾತೆಯ ರೂಪಾಯಿಯನ್ನು ಇನ್ನೊಂದರ ರೂಪಾಯಿಗೆ ಸಮವೆಂದು ಎಣಿಸುವುದಿಲ್ಲ ಎಂದು ತೋರಿಸಿದರು. ನಮ್ಮ ಅಜ್ಜಿಯಂದಿರು ಆ ಖಾತೆಗಳನ್ನು ಅಡುಗೆಮನೆಯ ಅಟ್ಟದ ಮೇಲೆ ಸಾಲಾಗಿ ಇಟ್ಟಿದ್ದರು: ಸಾಸಿವೆ ಡಬ್ಬಿ, ಮೆಂತ್ಯದ ಡಬ್ಬಿ, ಉದ್ದಿನ ಡಬ್ಬಿಯ ತಳ. 2016ರ ನವೆಂಬರ್ 8ರ ರಾತ್ರಿ ಐನೂರರ ಮತ್ತು ಸಾವಿರದ ನೋಟುಗಳು ರದ್ದಾದಾಗ ಈ ಡಬ್ಬಿಗಳೆಲ್ಲ ಬೆಳಕಿಗೆ ಬಂದವು. ನಾನು ಆಗ ಬ್ಯಾಂಕಿನ ಕೌಂಟರಿನಲ್ಲಿದ್ದೆ. ಅರಿಸಿನದ ಬಣ್ಣ ಹತ್ತಿದ, ಎಂಟು ಮಡಿಕೆಯಾದ ನೋಟುಗಳನ್ನು ಗಂಡನ ಎದುರಿಗೆ ಎಣಿಸಿ ಕೊಡಬೇಕಾಗಿ ಬಂದ ಹೆಂಗಸರ ಮುಖ ನನಗೆ ಮರೆತಿಲ್ಲ. ಒಬ್ಬಾಕೆ ನನ್ನ ಕಡೆಗೆ ಬಾಗಿ, ಸಣ್ಣ ದನಿಯಲ್ಲಿ, ‘ಬೆಂಡೋಲೆಗೆ ಇಟ್ಟಿದ್ದೆ’ ಎಂದರು. ನಾನು ಕೇಳಿರಲಿಲ್ಲ, ಕೇಳುವ ಅಧಿಕಾರವೂ ನನಗಿರಲಿಲ್ಲ. ಆದರೂ ಜಬಾಬು ಕೊಡಬೇಕೆಂದು ಅವರಿಗೆ ಅನ್ನಿಸಿತು.

ಈ ಕಾಲದವರ ಬಗ್ಗೆಯೂ ಹೇಳುತ್ತೇನೆ. ನಮ್ಮ ಶಾಖೆಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಹುಡುಗಿ ವಸಾಯಿಯಿಂದ ಬರುತ್ತಿದ್ದಳು. ಸೋಮವಾರದಿಂದ ಗುರುವಾರದವರೆಗೆ ಎರಡನೆಯ ದರ್ಜೆಯ ಲೇಡೀಸ್ ಡಬ್ಬಿ. ಶುಕ್ರವಾರ ಸಂಜೆ ಮಾತ್ರ ಎಸಿ ಲೋಕಲಿನ ಟಿಕೆಟ್ ತೆಗೆಯುತ್ತಿದ್ದಳು. ಪಶ್ಚಿಮ ರೈಲ್ವೆಯಲ್ಲಿ ಮೊದಲ ಎಸಿ ಲೋಕಲ್ ಓಡಿದ್ದು 2017ರ ಡಿಸೆಂಬರ್ 25ರಂದು. 2022ರ ಮೇ ತಿಂಗಳಲ್ಲಿ ಅದರ ಬಿಡಿ ಟಿಕೆಟಿನ ದರವನ್ನು ಅರ್ಧಕ್ಕೆ ಇಳಿಸಿದ ಮೇಲೆ ಇಂತಹವರಿಗೂ ಅದು ಕೈಗೆಟುಕಿತು. ‘ಸೀಟು ಸಿಗುತ್ತದೆಯೇ?’ ಎಂದು ಒಮ್ಮೆ ಕೇಳಿದೆ. ಹೆಚ್ಚಿನ ದಿನ ಸಿಗುವುದಿಲ್ಲ, ನಿಂತೇ ಹೋಗುತ್ತೇನೆ, ಆದರೆ ಬಾಗಿಲು ಮುಚ್ಚಿದ ಮೇಲೆ ಸದ್ದು ನಿಲ್ಲುತ್ತದಲ್ಲ ಮೇಡಂ, ಆ ಮೌನ ಬೇಕು ಎಂದಳು. ಸೋಮೇಶ್ವರನ ಪಟ್ಟಿಯಲ್ಲಿ ವಾಹನಭೋಗವೂ ಇದೆ. ಮೌನವನ್ನು ಬೇರೆಯಾಗಿ ಬರೆಯಬೇಕಾದ ಅಗತ್ಯ ಅವನಿಗೆ ಬಂದಿರಲಿಕ್ಕಿಲ್ಲ.

ಹಾಗೆಂದು ಬೇಕೆನಿಸಿದ್ದನ್ನೆಲ್ಲ ಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ‘ಸಾಲ ಮಾಡಿಯಾದರೂ ತುಪ್ಪ ತಿನ್ನು’ ಎಂಬ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಬ್ಯಾಂಕಿನಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಕೂತವಳು ನಾನು, ತುಪ್ಪ ಕರಗಿದ ಮೇಲೆ ಉಳಿಯುವ ಕಂತುಗಳನ್ನು ಹತ್ತಿರದಿಂದ ನೋಡಿದ್ದೇನೆ. ಹನ್ನೆರಡು ತಿಂಗಳ ಕಂತಿನಲ್ಲಿ ಕೊಂಡ ಫೋನು ಮೊದಲ ವಾರ ಖುಷಿ ಕೊಡುತ್ತದೆ, ಉಳಿದ ತಿಂಗಳುಗಳಲ್ಲಿ ಅದು ಮನೆಗೆ ಬಂದ ಇನ್ನೊಬ್ಬ ಹಕ್ಕುದಾರ. ಅಪ್ಪಯ್ಯನ ನಾಲ್ಕಾಣೆಗೆ ಇದ್ದ ಗುಣವೇ ಅದಕ್ಕಿಲ್ಲ. ಹತ್ತು ನಿಮಿಷದಲ್ಲಿ ಬಾಗಿಲಿಗೆ ತಂದುಕೊಡುವ ವ್ಯವಸ್ಥೆಯಲ್ಲಿ ನನಗೆ ಕಾಣುವ ತೊಂದರೆ ಇನ್ನೊಂದು ಬಗೆಯದು: ಅದರಲ್ಲಿ ಕಾಯುವುದೇ ಇಲ್ಲ. ಅಪ್ಪಯ್ಯ ಇಪ್ಪತ್ತೊಂಬತ್ತು ದಿನ ಕಾಯುತ್ತಿದ್ದರು.

ಕಾಯುವುದನ್ನು ಈ ಊರಿಗೆ ಕಲಿಸುವುದು ಮಾವಿನ ಹಣ್ಣು. ದೇವಗಡ, ರತ್ನಾಗಿರಿಗಳ ಹಾಪೂಸಿನ ಮೊದಲ ಪೇಟಿಗಳು ವಾಶಿಯ ಮಾರುಕಟ್ಟೆಗೆ ಬಂದಾಗ ಅದರ ಸುದ್ದಿ ಪತ್ರಿಕೆಗಳಲ್ಲಿ ಬರುತ್ತದೆ, ದರ ಕೇಳಿ ನಾವು ಸುಮ್ಮನಾಗುತ್ತೇವೆ. ಯುಗಾದಿಗೆ ಒಮ್ಮೆ ಕೇಳುತ್ತೇವೆ, ಅಕ್ಷಯ ತೃತೀಯಕ್ಕೆ ಇನ್ನೊಮ್ಮೆ. ಮೇ ತಿಂಗಳಲ್ಲಿ ದರ ಇಳಿದು ಡಜನ್ ಮನೆಗೆ ಬರುತ್ತದೆ, ಜೂನಿನ ಮೊದಲ ಮಳೆಗೆ ಎಲ್ಲ ಮುಗಿಯುತ್ತದೆ. ಗೋವೆಯ ಮಡಗಾಂವಿನಲ್ಲಿರುವ ನನ್ನ ಅಕ್ಕ ಹಾಪೂಸನ್ನು ಮಾವಿನ ಹಣ್ಣೆಂದೇ ಒಪ್ಪುವುದಿಲ್ಲ, ಅವಳಿಗೆ ಅಲ್ಲಿಯ ಮಾನ್ಕುರಾದವೇ ಬೇಕು. ಋತುವಿನ ಆರಂಭದಲ್ಲಿ ಮಾನ್ಕುರಾದ ಡಜನ್ನಿಗೆ ಸಾವಿರಗಳ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಅಕ್ಕ ಆಗ ಎರಡೇ ಎರಡು ಹಣ್ಣು ಕೊಂಡು, ಒಂದನ್ನು ಮನೆಯವರಿಗೆಲ್ಲ ಹೋಳು ಮಾಡಿ ಕೊಟ್ಟು, ಇನ್ನೊಂದನ್ನು ಅಡುಗೆಮನೆಯ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಒಬ್ಬಳೇ ತಿನ್ನುತ್ತಾಳೆ. ಮೊದಲು ಮೂತಿಯನ್ನು ಹಲ್ಲಿನಿಂದ ಕಡಿದು ಉಗುಳಿ, ಸಿಪ್ಪೆಯನ್ನು ಉದ್ದುದ್ದ ಸುಲಿದು, ಗೊರಟು ಬೆಳ್ಳಗಾಗುವ ತನಕ. ಮೊಣಕೈವರೆಗೆ ರಸ ಇಳಿದಿರುತ್ತದೆ. ಆ ಹೊತ್ತಿನಲ್ಲಿ ಅವಳನ್ನು ಯಾರೂ ಕರೆಯಬಾರದು ಎಂಬುದು ಅವರ ಮನೆಯಲ್ಲಿ ಮೊಮ್ಮಕ್ಕಳಿಗೂ ಗೊತ್ತಿರುವ ನಿಯಮ. ನಮ್ಮ ಇಡೀ ಬಳಗದಲ್ಲಿ ತನ್ನ ಸಂತೋಷವನ್ನು ಮುಚ್ಚಿಡದೆ ಅನುಭವಿಸುವ ಹೆಂಗಸು ಅವಳೊಬ್ಬಳೇ. ಅವಳ ಮನೆಯ ಸೊಸೆಯೂ ತನಗೆ ಬೇಕಾದುದನ್ನು ಅಳುಕಿಲ್ಲದೆ ಹೇಳುತ್ತಾಳೆ ಎಂಬುದನ್ನು ನಾನು ಗಮನಿಸಿದ್ದೇನೆ. ಇವೆರಡಕ್ಕೂ ಸಂಬಂಧ ಇದೆ ಎಂದೇ ನನ್ನ ಅಭಿಪ್ರಾಯ.

ನಾನು ನಿಮ್ಮಲ್ಲಿ ಕೇಳಿಕೊಳ್ಳುವುದು ಒಂದನ್ನೇ. ತಿಂಗಳ ಲೆಕ್ಕ ಬರೆಯುವ ಮನೆಗಳಲ್ಲಿ, ಹಾಲು, ದಿನಸಿ, ಸೊಸೈಟಿಯ ಮೇಂಟೆನೆನ್ಸ್, ಮಕ್ಕಳ ಫೀಸು ಎಲ್ಲ ಬರೆದ ಮೇಲೆ, ಮನೆಯಲ್ಲಿ ಎಷ್ಟು ಜನರಿದ್ದಾರೋ ಅಷ್ಟು ಹೆಸರುಗಳನ್ನು ಬರೆಯಿರಿ. ಪ್ರತಿ ಹೆಸರಿನ ಮುಂದೆ ಒಂದು ಮೊತ್ತ, ಅದು ಸಣ್ಣದೇ ಇರಲಿ. ಅದನ್ನು ಯಾತಕ್ಕೆ ಖರ್ಚು ಮಾಡಿದರು ಎಂದು ಯಾರೂ ಕೇಳಬಾರದು. ಖರ್ಚು ಮಾಡಿದವರು ಮಾತ್ರ ಅದನ್ನು ಅದರ ನಿಜವಾದ ಹೆಸರಿನಲ್ಲಿ ಬರೆಯಬೇಕು. ‘ದೇವರಿಗೆ’, ‘ಮಕ್ಕಳಿಗೆ’, ‘ಇತರೆ’ ಎಂದು ಬರೆಯುವಂತಿಲ್ಲ.

ಅಪ್ಪಯ್ಯ ತೀರಿಕೊಂಡ ಮೇಲೆ ಅವರ ಪುಸ್ತಕ ನನ್ನ ಕೈಗೆ ಬಂದ ವರ್ಷ ನಮ್ಮ ಮನೆಯಲ್ಲಿ ಇದನ್ನು ಶುರು ಮಾಡಿದೆವು. ನನ್ನವರು ಮೊದಲ ತಿಂಗಳೇ ‘ಹಳೆಯ ರೇಡಿಯೋಗೆ ವಾಲ್ವ್’ ಎಂದು ಬರೆದರು. ಮಗ ಬರೆದದ್ದು ನನಗೆ ಅರ್ಥವಾಗದ ಯಾವುದೋ ಆಟದ ಹೆಸರು. ನನ್ನ ಹೆಸರಿನ ಮುಂದೆ ಮೊದಲ ತಿಂಗಳು ‘ಮಗನಿಗೆ ಅಂಗಿ’ ಎಂದು ನಾನೇ ಬರೆದು, ನಾನೇ ಹೊಡೆದುಹಾಕಿದೆ. ಎರಡನೆಯ ತಿಂಗಳು ಏನು ಬರೆಯಬೇಕೆಂದು ತಿಳಿಯಲಿಲ್ಲ, ಜಾಗ ಖಾ‍ಲಿ ಉಳಿಯಿತು. ಯಾರೋ ನನ್ನ ಸುತ್ತ ಕೂತು ‘ನಿನಗೆ ಏನು ಬೇಕು ಅನ್ನಿಸುತ್ತದೆ?’ ಎಂದು ಕೇಳಿದ್ದು ನನ್ನ ಬಯಕೆಯ ದಿನ, ಅದಾಗಿ ಇಪ್ಪತ್ತೆರಡು ವರ್ಷ ಕಳೆದಿತ್ತು. ಮೂರನೆಯ ತಿಂಗಳ ಒಂದು ಶನಿವಾರ ಬೆಳಿಗ್ಗೆ, ಮನೆಯಲ್ಲಿ ತಿಂಡಿ ಮಾಡದೆ, ಹೊರಟೆ. ಮಾಟುಂಗಾದ ಹೋಟೆಲಿನಲ್ಲಿ ನಾಲ್ವರು ಕೂರುವ ಟೇಬಲಿನ ಗೋಡೆ ಬದಿಯ ಕುರ್ಚಿ ಸಿಕ್ಕಿತು. ಹುಡುಗ ಬಂದು ಟೇಬಲ್ ಒರೆಸಿ, ನೀರಿನ ಲೋಟ ಇಟ್ಟ. ಅವನಿಗೂ ಹದಿನೆಂಟು ಹತ್ತೊಂಬತ್ತಕ್ಕಿಂತ ಹೆಚ್ಚಿರಲಿಕ್ಕಿಲ್ಲ. ರಸಂ ವಡೆ ತಂದ, ಆಮೇಲೆ ಕಾಫಿ ತಂದು ನನ್ನ ಮುಂದೆ ಇಟ್ಟ. ಡಬರಾದ ಅಂಚಿನವರೆಗೂ ನೊರೆ ಇತ್ತು. ನಾನು ಅದನ್ನು ಆರಿಸದೆ, ಎರಡೂ ಕೈಯಲ್ಲಿ ಹಿಡಿದು, ಅವಸರವಿಲ್ಲದೆ ಕುಡಿದೆ. ಊರು ಯಾವುದೆಂದು ಹುಡುಗನನ್ನು ಕೇಳಿದಾಗ ಕಾರ್ಕಳದ ಹತ್ತಿರ ಎಂದ. ತಿಂಗಳಿಗೊಮ್ಮೆಯಾದರೂ ಎಲ್ಲಿಗಾದರೂ ಹೋಗಿ ಕೂತು ಚಹಾ ಕುಡಿಯುತ್ತೀಯಾ ಎಂದು ಕೇಳಬೇಕೆನಿಸಿತು. ಅದು ಅವನ ಲೆಕ್ಕ ಎಂದು ಸುಮ್ಮನಾದೆ.

ಮನೆಗೆ ಬಂದು ಪುಸ್ತಕ ತೆಗೆದು ನನ್ನ ಹೆಸರಿನ ಮುಂದೆ ಬರೆದೆ: ‘ಮಾಟುಂಗಾ. ರಸಂ ವಡೆ, ಕಾಫಿ. ಒಬ್ಬಳೇ.’